ಮೂಲವನ್ನು ರದ್ದುಮಾಡುವವರು ಯಾರು? ಪ್ರಜ್ಞೆಯ ವರ್ಗಾವಣೆ ಕುರಿತು ಒಂದು ವಿಚಾರ

ಶಿವಮೊಗ್ಗದ ಹತ್ತಿರದ ಸೋಗಾನೆಯ ರೈತರೊಬ್ಬರಿಗೆ ಇವತ್ತು ಪಹಣಿ ಬೇಕಾದರೆ ಕಂಪ್ಯೂಟರಿನಿಂದ ಬಂದ ಹಾಳೆಯೇ ಆಗಬೇಕು. ಕಾಲು ಶತಮಾನದ ಹಿಂದೆ ಹೀಗಿರಲಿಲ್ಲ. ಗ್ರಾಮಲೆಕ್ಕಿಗರ ಬಳಿ ಕೈಬರಹದ ಪುಸ್ತಕವಿತ್ತು, ಅದರಲ್ಲಿ ಬರೆದದ್ದೇ ಪ್ರಮಾಣವಾಗಿತ್ತು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದ ಹೊತ್ತಿಗೆ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು, ಬೆಳೆ, ಋಣಭಾರ ಎಲ್ಲವೂ ಕಾಗದದಿಂದ ಯಂತ್ರಕ್ಕೆ ಬಂದವು. ಅಷ್ಟಾದರೂ ದಾಖಲೆ ವರ್ಗವಾಯಿತು ಎನ್ನುವ ಹಾಗಿರಲಿಲ್ಲ. ಕೈಬರಹದ ಪಹಣಿ ಇನ್ನು ಊರ್ಜಿತವಲ್ಲ ಎಂದು ಸರ್ಕಾರ ಸಾರಬೇಕಾಯಿತು. ಆ ಮಾತಿಗೆ ಮುಂಚೆ ಗಣಕದೊಳಗೆ ಇದ್ದದ್ದು ನಕಲು, ಆಮೇಲೆ ಅದೇ ಮೂಲ. ನಡುವೆ ಒಂದಕ್ಷರವೂ ಬದಲಾಗಿರಲಿಲ್ಲ.

ಮನುಷ್ಯನ ಪ್ರಜ್ಞೆಯನ್ನು ಗಣಕಯಂತ್ರಕ್ಕೆ ವರ್ಗಾಯಿಸಬಹುದೇ ಎಂಬ ಪ್ರಶ್ನೆಯನ್ನು ನಾನು ಈ ಪಹಣಿಯ ಕಡೆಯಿಂದ ನೋಡಲು ಹೊರಟಿದ್ದೇನೆ. ಈ ಬಗೆಗಿನ ಚರ್ಚೆ ಹೆಚ್ಚಾಗಿ ಯಂತ್ರದ ವೇಗ, ಸಂಗ್ರಹ, ಬೇಕಾಗುವ ವರ್ಷಗಳ ಲೆಕ್ಕದಲ್ಲೇ ಮುಗಿಯುತ್ತದೆ. ಆದರೆ ‘ವರ್ಗಾವಣೆ’ ಎಂಬ ಒಂದು ಮಾತಿನಲ್ಲಿ ಎರಡು ಕೆಲಸಗಳು ಸೇರಿಕೊಂಡಿವೆ. ಒಂದು, ನಕಲು ತೆಗೆಯುವುದು. ಇನ್ನೊಂದು, ಮೂಲವನ್ನು ರದ್ದುಮಾಡುವುದು. ಮೊದಲನೆಯದನ್ನು ಯಂತ್ರ ಮಾಡಬಹುದು. ಎರಡನೆಯದನ್ನು ಮಾಡುವವರು ಮನುಷ್ಯರು, ಅದೂ ತಾವೇ ಒಪ್ಪಿಕೊಂಡ ಒಂದು ನಿಯಮದ ಬಲದಿಂದ. ಜಮೀನಿನ ದಾಖಲೆಗೆ ಆ ನಿಯಮ ಸಾಕು. ಮನುಷ್ಯನಿಗೆ ಸಾಲದು ಎಂಬುದು ನನ್ನ ವಾದ.

ಹೋಗುವುದಕ್ಕೂ ನಕಲಾಗುವುದಕ್ಕೂ ಇರುವ ಅಂತರಕ್ಕೆ ಸೋಗಾನೆಯಲ್ಲೇ ಉದಾಹರಣೆಯಿದೆ. 2023ರ ಫೆಬ್ರುವರಿ 27ರಂದು ಇಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇಲ್ಲಿ ವಿಮಾನ ಹತ್ತಿದವರು ಬೆಂಗಳೂರಿನಲ್ಲಿ ಇಳಿದಾಗ ಸೋಗಾನೆಯಲ್ಲಿ ಅವರು ಉಳಿದಿರುವುದಿಲ್ಲ. ಇಲ್ಲಿ ಇಲ್ಲದಿರುವುದು, ಅಲ್ಲಿ ಇರುವುದು ಒಂದೇ ಪಯಣದ ಎರಡು ತುದಿ. ಹಾಗಾಗಿ ಇಲ್ಲಿರುವವರನ್ನು ರದ್ದುಮಾಡಲು ಯಾರ ಆದೇಶವೂ ಬೇಕಿಲ್ಲ. ನಕಲಿನಲ್ಲಿ ಹಾಗಲ್ಲ, ಪ್ರತಿ ಅಲ್ಲಿ ಸಿದ್ಧವಾದ ಮೇಲೂ ಮೂಲ ಇಲ್ಲೇ ಕುಳಿತಿರುತ್ತದೆ. ಬ್ರಿಟಿಷ್ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನೇ ಒಂದು ಕಲ್ಪಿತ ಯಂತ್ರದ ಮೂಲಕ ಕೇಳಿದ್ದರು. ದೇಹದ ವಿವರವನ್ನೆಲ್ಲ ಓದಿ ಮಂಗಳ ಗ್ರಹದಲ್ಲಿ ಅದೇ ದೇಹವನ್ನು ಮತ್ತೆ ಕಟ್ಟುವ ಯಂತ್ರ ಭೂಮಿಯ ಮೇಲಿನ ದೇಹವನ್ನು ನಾಶಮಾಡಲು ತಪ್ಪಿದರೆ, ಹೋದವನು ಯಾರು, ಉಳಿದವನು ಯಾರು?

ಕಳಾಕರ್ಷಣೆ

ಚೈತನ್ಯವನ್ನು ಒಂದು ಆಧಾರದಿಂದ ಇನ್ನೊಂದಕ್ಕೆ ಸಾಗಿಸುವ ವಿಧಿ ನಮ್ಮ ದೇವಸ್ಥಾನಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಜೀರ್ಣೋದ್ಧಾರಕ್ಕೆ ಗರ್ಭಗುಡಿ ಬಿಚ್ಚುವ ಮುಂಚೆ ಮೂರ್ತಿಯ ಕಳೆಯನ್ನು ಕುಂಭದ ನೀರಿಗೆ ಆಕರ್ಷಿಸುತ್ತಾರೆ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸುತ್ತಾರೆ, ಕಟ್ಟಡ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಆ ನಡುವಿನ ದಿನಗಳಲ್ಲಿ ಮೂರ್ತಿಗೆ ನಿತ್ಯಪೂಜೆ ಇಲ್ಲ. ಅದು ಭಿನ್ನವಾಗಿದ್ದರೆ ನೀರಿನಲ್ಲಿ ವಿಸರ್ಜಿಸಿ ಹೊಸ ಮೂರ್ತಿಯನ್ನು ಕೂರಿಸುತ್ತಾರೆ. ಕುಂಭಕ್ಕೂ ಹಳೆಯ ಮೂರ್ತಿಗೂ ಒಟ್ಟಿಗೆ ಪೂಜೆ ಸಲ್ಲದಂತೆ ವಿಧಿ ನೋಡಿಕೊಳ್ಳುತ್ತದೆ. ಇಬ್ಬರಾಗಿಬಿಡುವ ತೊಡಕನ್ನು ಆಗಮಕಾರರು ಕಂಡುಕೊಂಡಿದ್ದರು, ಅದಕ್ಕೆ ನಿಯಮದಿಂದಲೇ ಕಟ್ಟು ಹಾಕಿದ್ದರು.

ಪಹಣಿಯನ್ನೂ ಪ್ರತಿಷ್ಠೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಭಕ್ತರ ಪಾಲಿಗೆ ಎರಡನೆಯದರ ತೂಕವೇ ಬೇರೆ. ಆದರೂ ಎರಡರಲ್ಲೂ ಒಂದು ಸಮಾನ ಅಂಶವಿದೆ: ಇನ್ನು ಇದಲ್ಲ, ಅದು ಎಂದು ಒಪ್ಪಿಕೊಳ್ಳುವ ಸಮುದಾಯ ಹೊರಗೆ ನಿಂತಿದೆ. ಮನುಷ್ಯನ ವಿಷಯದಲ್ಲಿ ಒಳಗಡೆಯೂ ಒಬ್ಬರಿದ್ದಾರೆ. ರದ್ದಾಗಬೇಕಾದ ಮೂಲಕ್ಕೆ ಬಾಯಿದೆ, ಅದು ‘ನಾನಿನ್ನೂ ಇಲ್ಲೇ ಇದ್ದೇನೆ’ ಎನ್ನುತ್ತದೆ.

ಕುರುಹಿನ ಲೆಕ್ಕ

ಇಲ್ಲಿಂದ ಮುಂದೆ ಎರಡು ಕನ್ನಡ ಪದಗಳನ್ನು ಪರಿಭಾಷೆಯಾಗಿ ಬಳಸುತ್ತೇನೆ: ಅರಿವು ಮತ್ತು ಕುರುಹು. ಇವು ಶರಣರ ಚಿಂತನೆಯಲ್ಲಿ ಪಳಗಿದ ಪದಗಳು. ಅಲ್ಲಮಪ್ರಭುವಿನ ಊರೆಂದು ಪರಂಪರೆ ಹೇಳುವ ಬಳ್ಳಿಗಾವಿ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಂಗೈಯ ಇಷ್ಟಲಿಂಗವನ್ನು ಶರಣರು ಅರಿವಿನ ಕುರುಹು ಎಂದು ಕಂಡರು, ಕುರುಹಿನಲ್ಲೇ ನಿಂತುಬಿಡಬಾರದೆಂದೂ ಎಚ್ಚರಿಸಿದರು. ನನ್ನ ಬಳಕೆ ಇದಕ್ಕಿಂತ ಸೀಮಿತ. ಹೊರಗಿನಿಂದ ಓದಿ, ಅಳೆದು, ದಾಖಲಿಸಬಹುದಾದದ್ದು ಕುರುಹು. ನರಕೋಶಗಳ ಜೋಡಣೆ, ನೆನಪಿನ ಗುರುತು, ಮಾತಿನ ರೀತಿ ಎಲ್ಲ ಇದರೊಳಗೆ ಬರುತ್ತವೆ. ಹಲ್ಲುನೋವು ನೋಯುವುದು, ಅಡಿಕೆ ಬೇಯಿಸುವ ಒಲೆಯ ವಾಸನೆ ಮೂಗಿಗೆ ಬಡಿಯುವುದು ಅರಿವು. ಆಸ್ಟ್ರೇಲಿಯದ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದದ್ದು ಇವೆರಡರ ನಡುವಿನ ಕಂದಕವನ್ನು.

ಕುರುಹನ್ನು ಓದುವ ವಿಜ್ಞಾನ ನಿಜಕ್ಕೂ ಮುಂದೆ ಹೋಗಿದೆ. 302 ನರಕೋಶಗಳ ಒಂದು ಪುಟ್ಟ ದುಂಡುಹುಳದ ನರಜಾಲದ ನಕ್ಷೆ 1986ರಲ್ಲಿ ಪ್ರಕಟವಾಯಿತು. 2024ರ ಅಕ್ಟೋಬರಿನಲ್ಲಿ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಬಂತು: ಸುಮಾರು 1 ಲಕ್ಷ 39 ಸಾವಿರ ನರಕೋಶ, 5 ಕೋಟಿಗೂ ಹೆಚ್ಚು ಸಂಪರ್ಕ. ಆ ನಕ್ಷೆಯನ್ನಾಧರಿಸಿ ಕಟ್ಟಿದ ಸರಳ ಗಣಕ ಮಾದರಿಯಲ್ಲಿ ಸಿಹಿಯನ್ನು ಗುರುತಿಸುವ ನರಗಳನ್ನು ಚುರುಕುಗೊಳಿಸಿದರೆ, ನೊಣ ತನ್ನ ಸೊಂಡಿಲು ಚಾಚಲು ಬಳಸುವ ನರಗಳು ಎಚ್ಚರಗೊಳ್ಳುತ್ತವೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅದೇ ವರ್ಷ ಹಾರ್ವರ್ಡ್ ಮತ್ತು ಗೂಗಲ್ ಸಂಶೋಧಕರು ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರಿನಷ್ಟು ತುಣುಕನ್ನು ಓದಿ ಮುಗಿಸಿದರು: ಸುಮಾರು 57 ಸಾವಿರ ಕೋಶ, 15 ಕೋಟಿ ಸಂಪರ್ಕ, 1.4 ಪೆಟಾಬೈಟ್ ದತ್ತಾಂಶ. ರಾಗಿ ಕಾಳಿನಷ್ಟು ಜಾಗಕ್ಕೆ ಇಷ್ಟು. ಇಡೀ ಮಿದುಳು ಅದರ ಹನ್ನೆರಡು ಹದಿಮೂರು ಲಕ್ಷ ಪಟ್ಟು ದೊಡ್ಡದು, ಸುಮಾರು 8,600 ಕೋಟಿ ನರಕೋಶಗಳದು. ಜೊತೆಗೆ ಜೋಡಣೆಯ ನಕ್ಷೆಯೊಂದೇ ಸಾಲದು. ಪ್ರತಿ ಸಂಪರ್ಕದ ಬಲ, ಅಲ್ಲಿನ ರಾಸಾಯನಿಕಗಳು, ಅವು ಕ್ಷಣಕ್ಷಣಕ್ಕೆ ಬದಲಾಗುವ ಬಗೆಯೂ ಬೇಕು. ಮುನ್ನೂರೆರಡು ನರಕೋಶಗಳ ಹುಳದ ನಕ್ಷೆ ಕೈಯಲ್ಲಿದ್ದು ನಲವತ್ತು ವರ್ಷವಾಗುತ್ತ ಬಂದರೂ ಅದರ ಬಾಳನ್ನು ಗಣಕದಲ್ಲಿ ಪೂರ್ತಿಯಾಗಿ ಮರುಕಟ್ಟಲು ಆಗದಿರುವುದಕ್ಕೆ ಇದೂ ಒಂದು ಕಾರಣ.

ಆದರೂ ಇವೆಲ್ಲ ಅಳತೆಯ ತೊಡಕುಗಳು. ಅಳತೆಯ ತೊಡಕನ್ನು ಅಸಾಧ್ಯತೆಗೆ ಪುರಾವೆ ಎಂದು ಮುಂದಿಡುವುದು ಪ್ರಾಮಾಣಿಕವಾಗದು. ಕುರುಹೆಲ್ಲವೂ ಒಂದು ದಿನ ಓದಲು ಸಿಕ್ಕುತ್ತದೆ ಎಂದೇ ಒಪ್ಪಿಕೊಂಡು ಮುಂದೆ ಹೋಗೋಣ.

ವರ್ಗಾವಣೆಯ ಪರವಾದಿಗಳಿಗೆ ಇನ್ನೂ ಒಂದು ಬಲವಾದ ಆಧಾರವನ್ನು ನಾನೇ ಕೊಡಬೇಕು. ಎದೆಯ ಮಹಾಧಮನಿಯ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯ ದೇಹವನ್ನು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡಿ ರಕ್ತಸಂಚಾರವನ್ನೇ ಅರ್ಧ ಗಂಟೆಯ ಮಟ್ಟಿಗೆ ನಿಲ್ಲಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳು ಚಪ್ಪಟೆ ಗೆರೆಯಾಗುತ್ತವೆ. ಮೈ ಬೆಚ್ಚಗಾಗಿ ಎಚ್ಚರವಾದಾಗ ಅದೇ ಮನುಷ್ಯ, ಅದೇ ನೆನಪು, ಮನೆಯವರ ಅದೇ ಹೆಸರು. ಚಟುವಟಿಕೆ ನಿಂತರೂ ರಚನೆ ಉಳಿದರೆ ವ್ಯಕ್ತಿ ಮರಳಿ ಬರುತ್ತಾನೆ. ನೆನಪು, ಸ್ವಭಾವ, ಕೌಶಲಗಳು ರಚನೆಯಲ್ಲೇ ಇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಮರಳಿ ಬಂದದ್ದು ಅದೇ ಮಿದುಳಿಗೆ. ರಚನೆಯ ವಿವರ ಬೇರೆಲ್ಲೋ ಬರೆದಿಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಈ ಸಾಕ್ಷ್ಯ ಉತ್ತರಿಸುವುದಿಲ್ಲ.

ಆ ಪ್ರಶ್ನೆಗೆ ಹತ್ತಿರದ ನಿಜ ಸಂಗತಿ ಹೆನ್ರಿ ಮೊಲೈಸನ್ ಅವರದು. 1953ರಲ್ಲಿ ಮೂರ್ಛೆರೋಗಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಯಿಂದ ಅವರು ಹೊಸ ನೆನಪುಗಳನ್ನು ಕಟ್ಟುವ ಶಕ್ತಿ ಕಳೆದುಕೊಂಡರು. ನಿಮಿಷಗಳ ಹಿಂದೆ ಭೇಟಿಯಾದವರ ಗುರುತು ಹತ್ತುತ್ತಿರಲಿಲ್ಲ. ಹಾಗಿದ್ದೂ ಅವರು ಸೌಮ್ಯವಾಗಿ ಮಾತಾಡುತ್ತಿದ್ದರು, ನಗುತ್ತಿದ್ದರು. ಅವರಲ್ಲಿ ಅರಿವಿತ್ತು ಎಂಬ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. 2008ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಅವರ ಮಿದುಳನ್ನು ಹೆಪ್ಪುಗಟ್ಟಿಸಿ 2,401 ಪದರಗಳಾಗಿ ಕೊಯ್ದು, ಚಿತ್ರ ತೆಗೆದು ಗಣಕದಲ್ಲಿಟ್ಟರು. ಪ್ರತಿ ಪದರ 70 ಮೈಕ್ರಾನ್. ಎರಡು ನರಕೋಶಗಳ ನಡುವಿನ ಸಂದು ಅದರ ಸಾವಿರದ ಒಂದು ಪಾಲಿಗಿಂತಲೂ ಸಣ್ಣದು, ಹಾಗಾಗಿ ಈ ದಾಖಲೆ ಬಹಳ ಒರಟು. ಇದೇ ಕೊಯ್ತವನ್ನು ಎಷ್ಟು ಸೂಕ್ಷ್ಮಗೊಳಿಸಿದರೆ ಚಿತ್ರಸಂಗ್ರಹ ಮೊಲೈಸನ್ ಆಗುತ್ತದೆ? ಪದರ ತೆಳುವಾದಂತೆ ಕುರುಹು ಪೂರ್ಣವಾಗುತ್ತ ಹೋಗುತ್ತದೆ, ಆದರೆ ಯಾವ ಹಂತದಲ್ಲಿ ಯಾರಿಗೆ ಎಚ್ಚರವಾಗುತ್ತದೆ ಎಂದು ಆ ತೆಳುವಿನ ಅಳತೆ ಹೇಳಲಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಅಂಗಾಂಶಗಳ ಭಂಡಾರವಿದೆ, ಅದರ ಸಂಗ್ರಹಾಲಯದಲ್ಲಿ ಸಾಮಾನ್ಯ ಜನ ಮಿದುಳುಗಳನ್ನು ಕಣ್ಣಾರೆ ನೋಡಬಹುದು. ಆಕಾರ ಹಾಗೇ ಇದೆ, ಮಡಿಕೆಗಳು ಹಾಗೇ ಇವೆ. ಅಲ್ಲಿ ನಿಂತವರಿಗೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೊಸಹಳ್ಳಿಯ ದನಿ

ಶಿವಮೊಗ್ಗದ ಪಕ್ಕ ತುಂಗೆಯ ಆ ದಡ ಈ ದಡದಲ್ಲಿ ಮತ್ತೂರು, ಹೊಸಹಳ್ಳಿ ಎಂಬ ಜೋಡಿ ಊರುಗಳಿವೆ. ಮತ್ತೂರಿನ ಪಾಠಶಾಲೆಯ ಹುಡುಗರು ಕಲಿಯುವ ವೇದಪಾಠದ ಕ್ರಮ ನನ್ನ ಮಟ್ಟಿಗೆ ಮಾನವ ಇತಿಹಾಸದ ಅತಿ ಯಶಸ್ವಿ ‘ವರ್ಗಾವಣೆ’. ಪದ, ಕ್ರಮ, ಜಟಾ, ಘನ ಎಂದು ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳಿಸುವುದರಿಂದ ಒಂದು ಸ್ವರ ತಪ್ಪಿದರೂ ಸಿಕ್ಕಿಬೀಳುತ್ತದೆ. ದೋಷವನ್ನು ತಾನೇ ಹಿಡಿಯುವ ಇಂಥ ವ್ಯವಸ್ಥೆಯನ್ನು ಇಂದಿನ ಗಣಕ ಸಂವಹನದವರೂ ಗೌರವಿಸಬೇಕು. ಗುರುವಿನ ಮಿದುಳಿನಲ್ಲಿದ್ದ ಸಾವಿರಾರು ಮಂತ್ರಗಳು ಶಿಷ್ಯನ ಮಿದುಳಿಗೆ ಸ್ವರಸಮೇತ ಬರುತ್ತವೆ. ಗುರು ಖಾಲಿಯಾಗುವುದಿಲ್ಲ. ಶಿಷ್ಯ ಗುರುವಾಗಿಬಿಡುವುದೂ ಇಲ್ಲ. ಹೇಳುವಾಗ ಆಯಾಸವಾಗುವುದು ಶಿಷ್ಯನ ಗಂಟಲಿಗೇ.

ಎದುರು ದಡದ ಹೊಸಹಳ್ಳಿ ಗಮಕದ ಊರು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿ 2022ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ವಾಚನ ಧ್ವನಿಮುದ್ರಣಗಳಲ್ಲಿದೆ, ರೀತಿ ಶಿಷ್ಯರ ಕಂಠದಲ್ಲಿದೆ. ಮುದ್ರಣವನ್ನು ಕೇಳುವಾಗ ದನಿ ನಮ್ಮನ್ನು ತಟ್ಟುತ್ತದೆ, ಕಣ್ಣು ತುಂಬುತ್ತದೆ. ಆ ಹೊತ್ತಿನ ಅನುಭವವೆಲ್ಲ ಕೇಳುವವರಲ್ಲಿ ನಡೆಯುತ್ತಿದೆ, ಮುದ್ರಣದಲ್ಲಿ ಅಲ್ಲ. ಈಗ ಇಷ್ಟೇ ಮುದ್ರಣಗಳನ್ನು ಕೊಟ್ಟರೆ ತೀರಿಕೊಂಡವರ ದನಿಯಲ್ಲಿ ಹೊಸ ಮಾತುಗಳನ್ನಾಡುವ ಯಂತ್ರಗಳು ಬಂದಿವೆ. ಅವು ಉತ್ತರ ಕೊಡುತ್ತವೆ, ಹಾಗಾಗಿ ಮುದ್ರಣದ ಬಗ್ಗೆ ನಾವು ಮಾಡದ ತಪ್ಪನ್ನು ಅವುಗಳ ಬಗ್ಗೆ ಮಾಡುವ ಅಪಾಯ ಹೆಚ್ಚು. ತಿಥಿಯ ದಿನ ಎಡೆ ಇಟ್ಟು ಕಾಗೆಗಾಗಿ ಕಾಯುವ ಮನೆಗೆ ಅಪ್ಪನ ದನಿಯಲ್ಲಿ ಮಾತಾಡುವ ಯಂತ್ರ ಬಂದರೆ ಆಗುವ ಗಾಯವನ್ನು ನಾವಿನ್ನೂ ಯೋಚಿಸಿಲ್ಲ.

ಮಳೆಯೋ, ಮೊತ್ತವೋ

ಅಮೆರಿಕದ ತತ್ತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಎತ್ತಿದ ಆಕ್ಷೇಪವನ್ನು ನಮ್ಮ ಜಿಲ್ಲೆಯ ಮಾತಿನಲ್ಲಿ ಹೀಗೆ ಹೇಳಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯ ಮಳೆಯನ್ನು ಹನಿಹನಿಯಾಗಿ ಲೆಕ್ಕಹಾಕಿ ಗಣಕದೊಳಗೆ ಸುರಿಸಿದರೂ ಒಂದು ಹೆಂಚೂ ನೆನೆಯುವುದಿಲ್ಲ. ಮಿದುಳಿನ ಅನುಕರಣೆಯಿಂದ ಅರಿವು ಹುಟ್ಟುವುದೆಂದು ನಂಬಲು ಏನು ಆಧಾರ?

ಈ ಆಕ್ಷೇಪ ಬಲವಾಗಿದ್ದರೂ ಅದರಿಂದಲೇ ಪ್ರಶ್ನೆ ತೀರುವುದಿಲ್ಲ. ಅಂಗಡಿಯವರು ಬೆರಳಲ್ಲಿ ಕೂಡಿಸಿದರೂ ಯಂತ್ರದಲ್ಲಿ ಕೂಡಿಸಿದರೂ ಬರುವ ಮೊತ್ತ ನಿಜವಾದ ಮೊತ್ತವೇ. ಮೊತ್ತಕ್ಕೆ ‘ಅನುಕರಣೆ’ ಎಂಬುದಿಲ್ಲ. ಹಾಗಾದರೆ ಅರಿವು ಮಳೆಯ ಜಾತಿಯದೋ, ಮೊತ್ತದ ಜಾತಿಯದೋ? ಮನಸ್ಸೆಂದರೆ ಅದು ಮಾಡುವ ಕೆಲಸವೇ ಎನ್ನುವ ಕಾರ್ಯವಾದಿಗಳು ಮೊತ್ತದ ಕಡೆ ನಿಲ್ಲುತ್ತಾರೆ. ಇಟಲಿ ಮೂಲದ ಜೂಲಿಯೊ ಟೊನೊನಿ 2004ರಲ್ಲಿ ಮುಂದಿಟ್ಟ ಸಮಗ್ರ ಮಾಹಿತಿ ಸಿದ್ಧಾಂತ ಬೇರೆ ದಾರಿ ಹಿಡಿದು, ಅರಿವಿಗೆ ಬೇಕಾದದ್ದು ವಸ್ತುವಿನಲ್ಲೇ ಇರುವ ಕಾರ್ಯಕಾರಣದ ಹೆಣಿಗೆ, ಇಂದಿನ ಬಗೆಯ ಗಣಕದಲ್ಲಿ ಅದು ನಗಣ್ಯ ಎನ್ನುತ್ತದೆ. ನಮ್ಮಲ್ಲೂ ಈ ಜಗಳ ಹಳೆಯದು. ಹುಳಿಯಿಂದ ಮದ್ಯದ ಮತ್ತು ಹುಟ್ಟುವಂತೆ ಭೂತಗಳ ಸೇರಿಕೆಯಿಂದ ಚೈತನ್ಯ ಹುಟ್ಟುತ್ತದೆ ಎಂದರು ಚಾರ್ವಾಕರು. ಕೋಣೆಗೆ ತಕ್ಕಂತೆ ಹರಡುವ ದೀಪದ ಬೆಳಕಿನ ಹಾಗೆ ಜೀವ ದೇಹದಷ್ಟೇ ಆಗುತ್ತದೆ ಎಂದರು ಹೊಂಬುಜದಂಥ ಕ್ಷೇತ್ರಗಳನ್ನು ಕಟ್ಟಿದ ಜೈನರು. ಅದ್ವೈತದಲ್ಲಂತೂ ಚೈತನ್ಯ ಎಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ವಾಸನೆ, ಸಂಸ್ಕಾರಗಳನ್ನು ಹೊತ್ತು ದೇಹದಿಂದ ದೇಹಕ್ಕೆ ಸಾಗುವುದು ಸೂಕ್ಷ್ಮಶರೀರ. ಆ ಪಕ್ಷದಲ್ಲಿ ಪ್ರಜ್ಞೆಯ ವರ್ಗಾವಣೆ ಎಂಬ ಮಾತಿಗೇ ಅರ್ಥವಿಲ್ಲ.

ಅರಿವು ಮೊತ್ತದ ಜಾತಿಯದೆಂದೇ ಇಟ್ಟುಕೊಳ್ಳೋಣ. ಆಗ ಗಣಕದಲ್ಲಿ ನಿಜವಾದ ಅರಿವೊಂದು ಏಳಬಹುದು. ಆದರೆ ಅದೇ ಮೊತ್ತ ಹತ್ತು ಯಂತ್ರಗಳಲ್ಲಿ ಒಟ್ಟಿಗೆ ಬರಬಹುದು, ಹತ್ತು ಅರಿವುಗಳು ಏಳಬಹುದು. ಹತ್ತೂ ನಾನೇ ಆಗಲಾರೆ, ಯಾಕೆಂದರೆ ಒಂದಕ್ಕೆ ನೋವಾದಾಗ ಉಳಿದವಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಯಂತ್ರದಲ್ಲಿ ಅರಿವು ಸಾಧ್ಯ ಎಂದು ಪೂರ್ತಿ ಬಿಟ್ಟುಕೊಟ್ಟರೂ ವರ್ಗಾವಣೆ ಸಿದ್ಧವಾಗುವುದಿಲ್ಲ. ಎರಡು ಬೇರೆ ಪ್ರಶ್ನೆಗಳನ್ನು ನಮ್ಮ ಕಾಲ ಒಂದಾಗಿ ಕೇಳುತ್ತಿದೆ.

ಗುಹೆಯಲ್ಲಿ ಉಳಿದ ದೇಹ

ನಕಲಿಲ್ಲದ ವರ್ಗಾವಣೆ ಹೇಗಿರುತ್ತದೆ ಎಂದು ನಮ್ಮ ಪುರಾಣಪ್ರಜ್ಞೆ ಸ್ಪಷ್ಟವಾಗಿ ಊಹಿಸಿತ್ತು. ಪತಂಜಲಿಯ ವಿಭೂತಿಪಾದದಲ್ಲಿ ಪರಕಾಯ ಪ್ರವೇಶದ ಸೂತ್ರವಿದೆ. ವಿದ್ಯಾರಣ್ಯರದೆಂದು ಶೃಂಗೇರಿಯ ಪರಂಪರೆ ಹೇಳುವ, ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿರುವ ಮಾಧವೀಯ ಶಂಕರವಿಜಯದಲ್ಲಿ ಆ ಸೂತ್ರ ಕಥೆಯಾಗಿದೆ. ವಾದಕ್ಕೆ ನಿಂತ ಉಭಯಭಾರತಿ ಕೇಳಿದ ಕಾಮಶಾಸ್ತ್ರದ ಪ್ರಶ್ನೆಗೆ ಉತ್ತರ ಕಲಿಯಲು ಸನ್ಯಾಸಿ ಶಂಕರರು ಆಗಷ್ಟೇ ಸತ್ತ ಅಮರುಕ ರಾಜನ ದೇಹವನ್ನು ಹೊಗುತ್ತಾರೆ. ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿನಲ್ಲಿ ಬಿಟ್ಟಿರುತ್ತಾರೆ.

ಈ ಕಥೆಯನ್ನು ಚರಿತ್ರೆಯೆಂದು ನಾನು ಉದಾಹರಿಸುತ್ತಿಲ್ಲ. ಅದರ ತರ್ಕ ನನಗೆ ಮುಖ್ಯ. ಇಲ್ಲಿ ಯಾವ ಘಟ್ಟದಲ್ಲೂ ಇಬ್ಬರು ಶಂಕರರಿಲ್ಲ. ರಾಜನ ದೇಹದಲ್ಲಿ ಎಚ್ಚರವಿರುವಾಗ ಗುಹೆಯ ದೇಹಕ್ಕೆ ಅರಿವಿಲ್ಲ. ಸೋಗಾನೆಯ ವಿಮಾನದ ಹಾಗೆ ಇದು ಹೋಗುವುದು. ಇನ್ನೂ ಸೂಕ್ಷ್ಮವಾದದ್ದು ಮುಂದಿನ ಭಾಗ: ಅರಮನೆಯ ಭೋಗದಲ್ಲಿ ಅವರಿಗೆ ತಾವು ಯಾರೆಂಬುದೇ ಮರೆಯತೊಡಗುತ್ತದೆ, ಶಿಷ್ಯರು ಗಾಯಕರ ವೇಷದಲ್ಲಿ ಬಂದು ಹಾಡಿ ನೆನಪಿಸಬೇಕಾಗುತ್ತದೆ. ಹೊಕ್ಕ ದೇಹ ಸುಮ್ಮನೆ ಪಾತ್ರೆಯಾಗಿ ಕೂರುವುದಿಲ್ಲ, ತನ್ನ ಹಸಿವು ಬಯಕೆಗಳಿಂದ ಒಳಗಿನವರನ್ನೇ ತಿದ್ದುತ್ತದೆ. ಹಸಿವಿಲ್ಲದ, ಬೆವರದ, ಋತುಮಾನವಿಲ್ಲದ ಆಧಾರವೊಂದಕ್ಕೆ ಹೋದ ಮನಸ್ಸು ಎಷ್ಟು ದಿನ ತಾನಾಗಿ ಉಳಿದೀತು ಎಂಬ ಪ್ರಶ್ನೆ ಗಣಕವಿಜ್ಞಾನದ ಬರಹಗಳಲ್ಲಿ ವಿರಳ. ಈ ಕಥೆ ಅದನ್ನು ನಡುವಿಗೇ ತಂದಿಟ್ಟಿದೆ.

ಒಂದೊಂದಾಗಿ ಬದಲಿಸಿದರೆ?

ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ ಗಟ್ಟಿ ಮಾತು ಇದೊಂದೇ. 1988ರಲ್ಲಿ ರೋಬಾಟ್ ವಿಜ್ಞಾನಿ ಹಾನ್ಸ್ ಮೊರಾವೆಕ್ ವಿವರಿಸಿದ ಹಾಗೆ, ನರಕೋಶಗಳನ್ನು ಸ್ವಲ್ಪ ಸ್ವಲ್ಪವಾಗಿ, ಎಚ್ಚರವಿರುವಾಗಲೇ, ಅದೇ ಕೆಲಸ ಮಾಡುವ ಯಂತ್ರಭಾಗಗಳಿಂದ ಬದಲಿಸಿದರೆ? ಎಲ್ಲೂ ಇಬ್ಬರಾಗುವುದಿಲ್ಲ, ಯಾರನ್ನೂ ರದ್ದುಮಾಡಬೇಕಿಲ್ಲ. ಹೇಗೂ ನಮ್ಮ ಮಿದುಳಿನ ಪ್ರೋಟೀನುಗಳು ದಿನಗಳಲ್ಲಿ, ವಾರಗಳಲ್ಲಿ ಬದಲಾಗುತ್ತಲೇ ಇವೆ. ನರಕೋಶಗಳ ಮಾತು ಬೇರೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ್ದ ವಿಕಿರಣಶೀಲ ಇಂಗಾಲದ ಜಾಡು ಹಿಡಿದು, ಮಿದುಳಿನ ಹೊರಪದರದ ನರಕೋಶಗಳಿಗೆ ನಮ್ಮಷ್ಟೇ ವಯಸ್ಸಾಗಿರುತ್ತದೆ ಎಂದು ತೋರಿಸಿತು. ಕೋಶ ಅದೇ, ಒಳಗಿನ ಸಾಮಗ್ರಿ ಬೇರೆ.

ಈ ದಾರಿಯ ಮೊದಲ ಹೆಜ್ಜೆಯನ್ನು ನಮ್ಮ ನಾಡಿನ ಮಕ್ಕಳು ಈಗಾಗಲೇ ಇಟ್ಟಿದ್ದಾರೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳು ತರಬೇತಿಗೆ ಬರುತ್ತಾರೆ. ಒಳಕಿವಿಯ ಸುಮಾರು ಮೂರೂವರೆ ಸಾವಿರ ಒಳ ಕೇಶಕೋಶಗಳ ಕೆಲಸವನ್ನು ಇಪ್ಪತ್ತರ ಆಸುಪಾಸಿನ ವಿದ್ಯುದಗ್ರಗಳು ಮಾಡಬೇಕು. ಯಂತ್ರ ಹಾಕಿದ ದಿನವೇ ಮಗುವಿಗೆ ಮಾತು ತಿಳಿಯುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಾಯಿ ಪಕ್ಕದಲ್ಲಿ ಕೂತು ಒಂದೊಂದು ಪದವನ್ನೂ ಮತ್ತೆ ಮತ್ತೆ ಹೇಳಿಸುತ್ತಾಳೆ. ಮಿದುಳು ಆ ಬಡಕಲು ಸಂಕೇತಗಳಿಂದ ‘ಅಮ್ಮ’ ಎಂಬ ಶಬ್ದವನ್ನು ಕಟ್ಟಿಕೊಳ್ಳಲು ಕಲಿಯುತ್ತದೆ. ಬದಲಾದದ್ದು ಕಿವಿ, ಕೇಳಿಸಿಕೊಳ್ಳುವ ಮಗು ಅದೇ. ಇದೇ ದಾರಿಯಲ್ಲಿ ಎಷ್ಟು ಒಳಗೆ ಹೋದರೆ ಕೇಳಿಸಿಕೊಳ್ಳುವವರೇ ಬದಲಾಗುತ್ತಾರೆ, ಅಥವಾ ಬದಲಾಗದೇ ಉಳಿಯುತ್ತಾರೆ? ಈ ಪ್ರಶ್ನೆ ತೆರೆದಿದೆ ಎಂದು ನಾನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಜನ ಕನಸು ಕಾಣುವ, ಸಾಯುವ ಮುನ್ನ ಮಿದುಳನ್ನು ಓದಿಸಿಕೊಂಡು ಯಂತ್ರದಲ್ಲಿ ಏಳುವ ಯೋಜನೆ ಇದಲ್ಲ. ಅದು ಓದಿ ನಕಲು ತೆಗೆಯುವುದು, ಓದುವಾಗಲೇ ಮೂಲವನ್ನು ಕೊಯ್ದು ಹಾಳುಮಾಡುವುದು. ಮೂಲ ಉಳಿಯದ್ದರಿಂದ ಆಕ್ಷೇಪಿಸುವವರು ಉಳಿಯುವುದಿಲ್ಲ, ಅಷ್ಟೇ ಕಾರಣಕ್ಕೆ ಅದು ಪಯಣದಂತೆ ತೋರುತ್ತದೆ.

ಹಾಗೊಂದು ದಿನ ಬಂದರೆ ಮೊದಲ ತೊಡಕು ಬರುವುದು ತಾಲ್ಲೂಕು ಕಚೇರಿಗೇ. ಸೋಗಾನೆಯ ಖಾತೆದಾರರೊಬ್ಬರು ಹೀಗೆ ಓದಿಸಿಕೊಂಡರೆ ಮಕ್ಕಳು ಪೌತಿ ಖಾತೆಗೆ ಅರ್ಜಿ ಕೊಡಬೇಕೋ, ಯಂತ್ರದಲ್ಲಿ ಮಾತಾಡುತ್ತಿರುವವರ ಹೆಸರಿನಲ್ಲೇ ಪಹಣಿ ಮುಂದುವರಿಯಬೇಕೋ? ಕಾನೂನು ಇದಕ್ಕೆ ಯಾವುದೋ ಒಂದು ಉತ್ತರ ಕೊಟ್ಟೀತು, ಕೊಡಲೇಬೇಕಾದೀತು. ಆ ಉತ್ತರ ಕೈಬರಹದ ಪುಸ್ತಕವನ್ನು ರದ್ದುಮಾಡಿದ ಆದೇಶದಂತೆಯೇ ಹೊರಗಿನವರ ತೀರ್ಮಾನವಾಗಿರುತ್ತದೆ. ಕೊಯ್ಯುವ ಮೇಜಿನ ಮೇಲೆ ಮಲಗಿದವರಿಗೆ ಏನಾಯಿತು ಎಂಬುದನ್ನು ಅದು ತಿಳಿಸದು. ಆದ್ದರಿಂದ ಇಂಥ ಯಾವ ಪ್ರಯೋಗದ ಒಪ್ಪಿಗೆ ಪತ್ರದಲ್ಲೂ ‘ವರ್ಗಾವಣೆ’ ಎಂಬ ಪದ ಇರಕೂಡದು, ‘ನಕಲು’ ಎಂದೇ ಬರೆಯಬೇಕು ಎಂದು ನಾನು ಒತ್ತಾಯಿಸುತ್ತೇನೆ.

ನನ್ನ ನಿಲುವನ್ನು ಅಲುಗಿಸಬಲ್ಲ ಪರೀಕ್ಷೆಯೊಂದನ್ನು ಜಪಾನಿನ ನರವಿಜ್ಞಾನಿ ಮಸಾತಾಕಾ ವತನಾಬೆ ಸೂಚಿಸಿದ್ದಾರೆ. ಮಿದುಳಿನ ಎರಡು ಗೋಳಾರ್ಧಗಳನ್ನು ಜೋಡಿಸುವ ನರಸೇತುವೆಯನ್ನು ಕತ್ತರಿಸಿದ್ದರ ಪರಿಣಾಮವನ್ನು ರೋಜರ್ ಸ್ಪೆರಿ ಅಧ್ಯಯನ ಮಾಡಿ 1981ರಲ್ಲಿ ನೊಬೆಲ್ ಪಡೆದರು. ಸೇತುವೆ ಕತ್ತರಿಸಿದವರಲ್ಲಿ ಎಡಬದಿಯ ದೃಶ್ಯ ಒಂದು ಗೋಳಾರ್ಧಕ್ಕೆ, ಬಲಬದಿಯದು ಇನ್ನೊಂದಕ್ಕೆ ಹೋಗಿ ಅಲ್ಲಲ್ಲೇ ಉಳಿಯುತ್ತದೆ. ವತನಾಬೆ ಹೇಳುವುದು ಇಷ್ಟು: ಒಂದು ಗೋಳಾರ್ಧದ ಜಾಗದಲ್ಲಿ ಯಂತ್ರವನ್ನು ಕೂರಿಸಿ, ಸಹಜ ಸೇತುವೆಯಂತೆಯೇ ಜೋಡಿಸಿ, ಆ ವ್ಯಕ್ತಿಯನ್ನೇ ಕೇಳಿ. ಯಂತ್ರದ ಪಾಲಿನ ಅರ್ಧ ಕತ್ತಲಾಗಿದೆಯೋ, ಇಡೀ ನೋಟ ಒಂದಾಗಿ ಕಾಣುತ್ತಿದೆಯೋ? ಆಗ ಹೊರಗಿನವರ ಯಾವ ಆದೇಶವೂ ಬೇಕಾಗುವುದಿಲ್ಲ. ಎರಡೂ ಕಡೆಯಿಂದ ಕಾಣುತ್ತಿದೆ ಎಂದು ಒಳಗಿರುವ ಒಬ್ಬರೇ ಒಬ್ಬರು ಹೇಳಿದ ದಿನ, ಮೊತ್ತವೋ ಮಳೆಯೋ ಎಂದು ಕೇಳಿದ ಭಾಗವನ್ನು ನಾನು ಅಳಿಸಿ ಹೊಸದಾಗಿ ಬರೆಯುತ್ತೇನೆ.